ಒಂದು ಅಂಗಣ, ಎರಡು ತಂಡ: ಸಣ್ಣ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕಟ್ಟುವುದು ಹೇಗೆ

ನಮ್ಮ ಕಾಲೇಜು ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಮುರಕಲ್ಲಿನ ಗುಡ್ಡದ ಮೇಲಿದೆ. ಎಲ್ಲ ತರಗತಿ ಸೇರಿಸಿದರೆ ನಾನೂರು ಚಿಲ್ಲರೆ ಮಕ್ಕಳು. ಒಂದು ಕಾಂಕ್ರೀಟ್ ಅಂಗಣ, ಎರಡು ಕಂಬ, ಎರಡು ರಿಂಗ್. ಅಷ್ಟರಲ್ಲೇ ಹುಡುಗಿಯರದ್ದೊಂದು ತಂಡ, ಹುಡುಗರದ್ದೊಂದು ತಂಡ ನಡೆಯುತ್ತಿದೆ. ಹನ್ನೊಂದು ವರ್ಷದಿಂದ ನಾನು ಇಲ್ಲಿ ದೈಹಿಕ ಶಿಕ್ಷಣದ ಟೀಚರ್. ಅಕ್ಕಪಕ್ಕದ ಕಾಲೇಜಿನವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, "ನಮ್ಮಲ್ಲೂ ಶುರು ಮಾಡ್ಬೇಕು, ಎಲ್ಲಿಂದ ಹಿಡಿಯೋದು?" ಪ್ರತಿ ಸಲ ಬಸ್ಸಿನ ಗಡಿಬಿಡಿಯಲ್ಲಿ ಅರ್ಧಂಬರ್ಧ ಹೇಳಿ ಬಿಟ್ಟಿದ್ದೇನೆ. ಈಗ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮೊದಲ ಮಾತು ಇದು: ಹುಡುಗಿಯರ ತಂಡವನ್ನು ಮೊದಲು ಕಟ್ಟಿ. ಹುಡುಗರದ್ದು ಆಮೇಲೆ.

ಕಾರಣ ಹೇಳುತ್ತೇನೆ. ಹುಡುಗರನ್ನು ಯಾರೂ ಕರೆಯಬೇಕಾಗಿಲ್ಲ. ಚೆಂಡಿನ ಸದ್ದು ಕೇಳಿದರೆ ಸಾಕು, ಚಪ್ಪಲಿ ಬದಿಗೆ ಬಿಟ್ಟು ಬಂದೇ ಬಿಡುತ್ತಾರೆ. ಬಂದವರು ಅಂಗಣ ಹಿಡಿಯುತ್ತಾರೆ, ಹೊತ್ತು ಹಿಡಿಯುತ್ತಾರೆ, ಒಳ್ಳೆಯ ಚೆಂಡು ಹಿಡಿಯುತ್ತಾರೆ. ಅದು ಅವರ ತಪ್ಪಲ್ಲ, ಖಾಲಿ ಇದ್ದ ಜಾಗಕ್ಕೆ ಬಂದಿದ್ದಾರೆ ಅಷ್ಟೆ. ಆದರೆ ಆಮೇಲೆ ಬರುವ ಹುಡುಗಿಯರಿಗೆ ಸಿಗುವುದು ಉಳಿದದ್ದು. ಮೊದಲ ಎರಡು ವರ್ಷ ನಾನೇ ಹಾಗೆ ಮಾಡಿದ್ದೆ. "ಹುಡುಗರು ಮುಗಿಸಿದ ಮೇಲೆ ನೀವು" ಎಂದಿದ್ದೆ. ಅವರು ಮುಗಿಸುವಾಗ ಐದು ಗಂಟೆ. ನಮ್ಮ ಕಡೆಗೆ ಹೋಗುವ ಬಸ್ಸು 5.20ಕ್ಕೆ, ಅದು ತಪ್ಪಿದರೆ ಮತ್ತೆ ಏಳಕ್ಕೆ. ಯಾವ ಹುಡುಗಿ ನಿಲ್ಲುತ್ತಾಳೆ ಹೇಳಿ? ಒಂದು ಸಂಜೆ ಪೆರ್ಲದ ಹುಡುಗಿಯೊಬ್ಬಳು ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಅಂಗಣದ ಬದಿಯಲ್ಲಿ ನಿಂತು ಕೇಳಿದಳು, "ಟೀಚರೇ, ನಾವು ಆಡುವುದು ಯಾವಾಗ?" ರಿಜಿಸ್ಟರಿನಲ್ಲಿ ಹನ್ನೆರಡು ಹೆಸರು ಬರೆದಿಟ್ಟಿದ್ದೆ. ಅವಳಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಮೂರನೆಯ ವರ್ಷ ಟೈಮ್‌ಟೇಬಲನ್ನು ತಿರುಗಿಸಿ ಬರೆದೆ.

ಹೊಸ ಮಕ್ಕಳಿಗೆ ಮೊದಲ ದಿನ ಒಂದು ಕಥೆ ಹೇಳುತ್ತೇನೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮಾಸ್ಟ್ರು ಪೀಚ್ ಹಣ್ಣಿನ ಬುಟ್ಟಿ ಎರಡನ್ನು ಮೇಲೆ ಹೊಡೆದು ಈ ಆಟ ಶುರು ಮಾಡಿದರು. ಹೊರಗೆ ಚಳಿ, ಒಳಗೆ ಬೇಸರ ಬಂದ ಹುಡುಗರು. ಕೆಲವೇ ತಿಂಗಳಲ್ಲಿ, 1892ರಲ್ಲಿ, ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಟೀಚರ್ ಅದನ್ನು ಹುಡುಗಿಯರಿಗೆ ಕಲಿಸಿದರು. ಅಂದರೆ ಆಟಕ್ಕೆ ವರ್ಷ ತುಂಬುವ ಮೊದಲೇ ಹುಡುಗಿಯರು ಅಂಗಣದಲ್ಲಿದ್ದರು. ಆದರೂ ಒಲಿಂಪಿಕ್ಸಿಗೆ ಗಂಡಸರ ಬಾಸ್ಕೆಟ್‌ಬಾಲ್ ಬಂದದ್ದು 1936ರಲ್ಲಿ, ಹೆಂಗಸರದ್ದು 1976ರಲ್ಲಿ. ನಡುವೆ ನಲವತ್ತು ವರ್ಷ. ಆ ನಲವತ್ತು ವರ್ಷ ನಮ್ಮ ಗುಡ್ಡದ ಮೇಲೆ ಮತ್ತೊಮ್ಮೆ ಆಗಬಾರದು ಅಂತ ನಾನು ಹುಡುಗರಿಗೂ ಹೇಳುತ್ತೇನೆ. ಅವರಿಗೆ ಅರ್ಥವಾಗುತ್ತದೆ.

ದೂರ ಹೋಗುವುದೂ ಬೇಡ. ನಾವಿರುವ ಕೇರಳದಲ್ಲಿ ಹೆಂಗಸರ ಬಾಸ್ಕೆಟ್‌ಬಾಲ್ ಬೇರು ಬಿಟ್ಟ ಆಟ. ಗೀತು ಅನ್ನಾ ಜೋಸ್ ಇಲ್ಲಿಯವರೇ, ಆಸ್ಟ್ರೇಲಿಯಾಕ್ಕೆ ಹೋಗಿ ಆಡಿದವರು, ಅರ್ಜುನ ಪ್ರಶಸ್ತಿ ಪಡೆದವರು. ವಯನಾಡಿನ ಪಿ.ಎಸ್. ಜೀನಾ ಭಾರತ ತಂಡದ ಕ್ಯಾಪ್ಟನ್ ಆದವರು. 2017ರಲ್ಲಿ ಬೆಂಗಳೂರಿನಲ್ಲಿ ಹೆಂಗಸರ ಏಷ್ಯಾ ಕಪ್ ನಡೆದಾಗ ನಮ್ಮ ತಂಡ ಬಿ ವಿಭಾಗ ಗೆದ್ದು ಮೇಲೆ ಹೋಯಿತು. ಇದನ್ನೆಲ್ಲ ಮಕ್ಕಳ ಅಮ್ಮಂದಿರಿಗೂ ಹೇಳಿ. "ಹುಡುಗಿಯರಿಗೆ ಯಾಕೆ ಈ ಆಟ" ಎನ್ನುವವರಿಗೆ ನಾನು ವಾದ ಮಾಡಲು ಹೋಗುವುದಿಲ್ಲ, ಇವರ ಹೆಸರು ಹೇಳುತ್ತೇನೆ.

ರಿಂಗನ್ನು ನೀವೇ ಅಳೆಯಿರಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದರಿಂದ ನಮಗೆ ಒಂದು ಇಡೀ ವರ್ಷ ಹಾಳಾಗಿದೆ.

ಮೊದಲ ಬಾರಿ ನಮ್ಮ ಮಕ್ಕಳನ್ನು ಹೊರಗಿನ ಟೂರ್ನಮೆಂಟಿಗೆ ಕರೆದುಕೊಂಡು ಹೋದಾಗ ಒಂದು ವಿಚಿತ್ರ ನೋಡಿದೆ. ಇಲ್ಲಿ ಹತ್ತಕ್ಕೆ ಆರು ಹಾಕುವ ಹುಡುಗಿಯ ಚೆಂಡು ಅಲ್ಲಿ ರಿಂಗಿನ ಮುಂದಿನ ಅಂಚಿಗೆ ಬಡಿದು ಬಡಿದು ವಾಪಸ್ ಬರುತ್ತಿತ್ತು. ಹುಡುಗರದ್ದೂ ಅದೇ. ಎಲ್ಲರದ್ದೂ ಒಂದೇ ರೀತಿ ಗಿಡ್ಡ. ಹೆದರಿಕೆ ಇರಬಹುದು ಅಂದುಕೊಂಡೆ. ಆದರೆ ಹನ್ನೆರಡು ಮಂದಿಯ ಹೆದರಿಕೆ ಒಂದೇ ಅಳತೆಯಲ್ಲಿ ಇರುತ್ತದಾ? ವಾಪಸ್ ಬಂದ ಮರುದಿನ ಕಾಲೇಜಿನ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿಯ ಹತ್ತಿರ ತೂಗುಗುಂಡು ಕೇಳಿ ತಂದೆ. ಏಣಿ ಹಾಕಿ ಹತ್ತಿ, ರಿಂಗಿನ ಮೇಲಂಚಿಗೆ ದಾರ ತಾಗಿಸಿ, ಗುಂಡು ನೆಲ ಮುಟ್ಟುವಷ್ಟು ಬಿಟ್ಟೆ. ದಾರಕ್ಕೆ ಗಂಟು ಹಾಕಿ ಕೆಳಗಿಳಿದು ಟೇಪಿನಲ್ಲಿ ಅಳೆದೆ. 2 ಮೀಟರ್ 95 ಸೆಂಟಿಮೀಟರ್. ಇರಬೇಕಾದದ್ದು 3.05. ಹತ್ತು ಸೆಂಟಿಮೀಟರ್ ಕಮ್ಮಿ.

ಆದದ್ದು ಇಷ್ಟು. ಕಂಬ ನಿಲ್ಲಿಸಿದವರು ಸರಿಯಾಗಿಯೇ ಅಳೆದಿದ್ದರು, ಆದರೆ ಹಳೆಯ ನೆಲದಿಂದ. ಆಮೇಲೆ ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಬಿತ್ತು. ನೆಲ ಮೇಲೆ ಬಂತು, ರಿಂಗ್ ಅಲ್ಲೇ ಉಳಿಯಿತು. ಬಿಲ್ಲು ಪಾಸಾಗಿತ್ತು, ಯಾರೂ ಮತ್ತೆ ಅಳೆದಿರಲಿಲ್ಲ. ನಾನೂ ಅಳೆದಿರಲಿಲ್ಲ.

ಹಾಗಾಗಿ ಒಂದು ತೂಗುಗುಂಡು ಕೊಂಡು ಚೆಂಡಿನ ಕಪಾಟಿನಲ್ಲೇ ಇಟ್ಟುಬಿಡಿ. ದಾರಕ್ಕೆ 3.05 ಮೀಟರಿನಲ್ಲಿ ಕೆಂಪು ನೂಲು ಕಟ್ಟಿ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲು ಮತ್ತು ಮಳೆ ಬಿಟ್ಟ ಮೇಲೆ, ರಿಂಗಿನ ಮುಂದೆ, ಎಡಕ್ಕೆ, ಬಲಕ್ಕೆ ಮೂರು ಕಡೆ ಅಳೆಯಿರಿ. ಮೂರೂ ಒಂದೇ ಬರಬೇಕು. ಮುಂದಿನದು ಮಾತ್ರ ಕಮ್ಮಿ ಬಂದರೆ ಯಾರೋ ನೇತಾಡಿದ್ದಾರೆ ಎಂದರ್ಥ. ಬೋಲ್ಟ್ ಬಿಗಿ ಮಾಡಿ, ನೇತಾಡಿದವನನ್ನು ಕರೆದು ಅವನ ಕೈಯಿಂದಲೇ ಬಿಗಿ ಮಾಡಿಸಿ. ಪೂರ್ತಿ ರಿಂಗೇ ತಗ್ಗಿದ್ದರೆ ರಿಂಗನ್ನು ಮಾತ್ರ ಬಿಚ್ಚಿ ಮೇಲೆ ಹಾಕಬೇಡಿ, ರಿಂಗಿನ ಹಿಂದಿನ ಬೋರ್ಡನ್ನೇ ಎತ್ತಬೇಕು. ಬೋರ್ಡಿನ ಕೆಳಗಿನ ಅಂಚು ನೆಲದಿಂದ 2.90 ಮೀಟರ್, ರಿಂಗ್ ಅದಕ್ಕಿಂತ 15 ಸೆಂಟಿಮೀಟರ್ ಮೇಲೆ. ಈ ಎರಡರ ಸಂಬಂಧ ಕೆಟ್ಟರೆ ಬೋರ್ಡಿಗೆ ಬಡಿಸಿ ಹಾಕುವ ಲೆಕ್ಕವೆಲ್ಲ ಕೆಡುತ್ತದೆ. ಬೋರ್ಡಿನ ಮೇಲಿನ ಸಣ್ಣ ಚೌಕ 59 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ. ಅದು ಅಳಿಸಿಹೋಗಿದ್ದರೆ ಇವತ್ತೇ ಬಣ್ಣ ಬಳಿಯಿರಿ. ಮಕ್ಕಳ ಕಣ್ಣು ಗುರಿ ಹಿಡಿಯುವುದು ಅಲ್ಲೇ.

ಅಂಗಣದ ಪೂರ್ತಿ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ನಮ್ಮದು 24ಕ್ಕೆ 13. ಗುಡ್ಡ ಅಷ್ಟೇ ಕೊಟ್ಟಿದೆ. ಸಣ್ಣದಾದರೆ ಬೇಸರ ಬೇಡ, ಆದರೆ ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹಾಕುವ ಶಾಟ್) ಗೆರೆ ಬೋರ್ಡಿನಿಂದ 4.60 ಮೀಟರ್ ದೂರದಲ್ಲೇ ಇರಲಿ, ಮೂರು ಪಾಯಿಂಟಿನ ಕಮಾನು ರಿಂಗಿನ ನಡುಭಾಗದ ಕೆಳಗಿನಿಂದ 6.75ರಲ್ಲೇ ಇರಲಿ. ಅಂಗಣ ಸಣ್ಣದು ಅಂತ ಗೆರೆಯನ್ನೂ ಹತ್ತಿರ ಎಳೆಯಬೇಡಿ. ನೆಲಕ್ಕೆ ಒಂದು ಮೊಳೆ, ಅದಕ್ಕೆ ದಾರ, ದಾರದ ತುದಿಗೆ ಸೀಮೆಸುಣ್ಣ. ಮೇಸ್ತ್ರಿಗಳು ಬಾವಿ ಗುರುತು ಹಾಕಿದ ಹಾಗೆ. ನಮ್ಮ ಅಗಲದಲ್ಲಿ ಮೂಲೆಯಿಂದ ಮೂರು ಪಾಯಿಂಟ್ ಹಾಕಲು ಜಾಗವೇ ಸಿಗುವುದಿಲ್ಲ. ಅದಕ್ಕೆ ಅಂಗಣದ ಹೊರಗೆ ಮಣ್ಣು ಗಟ್ಟಿ ಮಾಡಿ ಒಂದು ಕಲ್ಲು ಹುಗಿದಿದ್ದೇವೆ. ಅಲ್ಲಿ ನಿಂತು ಅಭ್ಯಾಸ.

ಚೆಂಡು

ಹುಡುಗಿಯರಿಗೆ 6ನೇ ಸೈಜ್, ಹುಡುಗರಿಗೆ 7. ಎರಡೂ ಬೇರೆ ಬೇರೆ ಕೊಳ್ಳಿ. "ಒಂದೇ ತಂದರೆ ಎಲ್ಲರಿಗೂ ಆಗ್ತದಲ್ವಾ" ಎಂದು ಆಫೀಸಿನಲ್ಲಿ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. 7ರ ಸುತ್ತಳತೆ 75ರಿಂದ 77 ಸೆಂ.ಮೀ., ತೂಕ 600 ಗ್ರಾಂ ಆಸುಪಾಸು. 6ರ ಸುತ್ತಳತೆ 72ರ ಹತ್ತಿರ, ತೂಕ ಸುಮಾರು 530. ಕೈಗೆ ದೊಡ್ಡದಾದ ಚೆಂಡಿನಲ್ಲಿ ಕಲಿತ ಹುಡುಗಿ ಎದೆಯಿಂದ ಎರಡೂ ಕೈಯಲ್ಲಿ ತಳ್ಳುವುದನ್ನು ಕಲಿಯುತ್ತಾಳೆ. ಅದನ್ನು ಬಿಡಿಸಲು ಮತ್ತೆ ಒಂದು ವರ್ಷ ಬೇಕು. ಕಾಂಕ್ರೀಟಿಗೆ ರಬ್ಬರಿನ ಚೆಂಡೇ ಸಾಕು, ಚರ್ಮದ್ದು ಎರಡು ತಿಂಗಳಲ್ಲಿ ಸಿಪ್ಪೆ ಸುಲಿಯುತ್ತದೆ. ಇಬ್ಬರಿಗೆ ಒಂದು ಚೆಂಡಾದರೂ ಇರಲಿ. ಗಾಳಿ ತುಂಬುವ ಸೂಜಿಯನ್ನು ಮೊದಲು ಒದ್ದೆ ಮಾಡಿ. ಒಣ ಸೂಜಿ ಚುಚ್ಚಿ ವಾಲ್ವ್ ಹರಿದ ಚೆಂಡು ನಮ್ಮ ಕಪಾಟಿನಲ್ಲಿ ಮೂರಿವೆ. ಗಾಳಿ ಸರಿಯಿದೆಯಾ ಎಂದು ನೋಡಲು ತಲೆಯ ಎತ್ತರದಿಂದ ಸುಮ್ನೆ ಬಿಡಿ. ಸೊಂಟ ದಾಟಿ ಸ್ವಲ್ಪ ಮೇಲೆ ಪುಟಿದರೆ ಸರಿ.

ಆಟಗಾರರು ಎಲ್ಲಿದ್ದಾರೆ?

ನಿಮ್ಮ ಕಾಲೇಜಿಗೆ ಬಾಸ್ಕೆಟ್‌ಬಾಲ್ ಗೊತ್ತಿರುವ ಮಕ್ಕಳು ಬರುವುದಿಲ್ಲ. ನಮ್ಮಲ್ಲಿಗೂ ಬಂದಿಲ್ಲ. ಆದರೆ ಇದು ಕಬಡ್ಡಿಯ ಊರು, ವಾಲಿಬಾಲಿನ ಊರು, ಉಪ್ಪಳ ಕಡೆಗೆ ಹೋದರೆ ಫುಟ್‌ಬಾಲಿನ ಊರು. ಅಲ್ಲಿಂದ ತನ್ನಿ.

ಕಬಡ್ಡಿ ಆಡಿದವರು ನನಗೆ ಎಲ್ಲರಿಗಿಂತ ಇಷ್ಟ. ಮಂಡಿ ಬಗ್ಗಿಸಿ, ಕೈ ಅಗಲಿಸಿ, ಎದುರಿನವನ ಸೊಂಟ ನೋಡುತ್ತಾ ಪಕ್ಕಕ್ಕೆ ಜಾರುವುದು ಅವರಿಗೆ ಹುಟ್ಟಿನಿಂದ ಬಂದ ಹಾಗಿರುತ್ತದೆ. ಬಾಸ್ಕೆಟ್‌ಬಾಲಿನ ಡಿಫೆನ್ಸ್ ಅಂದರೆ ಅದೇ. ಒಂದೇ ತೊಂದರೆ, ಅವರು ಹಿಡಿದುಬಿಡುತ್ತಾರೆ. ಮುಳ್ಳೇರಿಯದ ಒಬ್ಬ ಹುಡುಗ ಮೊದಲ ಆಟದ ಮೊದಲ ಕ್ವಾರ್ಟರಿನಲ್ಲೇ ನಾಲ್ಕು ಫೌಲ್ ಮಾಡಿದ್ದ. ಐದಾದರೆ ಹೊರಗೆ. ಅವನಿಗೆ ಎರಡು ವಾರ ಬೈರಾಸು, ಅಂದರೆ ಟವೆಲು, ಕೊಟ್ಟೆ. ಕುತ್ತಿಗೆಯ ಹಿಂದೆ ಹಾಕಿ ಎರಡೂ ತುದಿ ಕೈಯಲ್ಲಿ ಹಿಡಿದುಕೊಂಡು ಬರೀ ಕಾಲಿನಿಂದ ತಡೆಯಬೇಕು. ಕೈ ಕಟ್ಟಿದಾಗ ಕಾಲು ಮಾತಾಡುತ್ತದೆ. ಈಗ ಅವನ ಮುಂದೆ ಹಾದು ಹೋಗುವುದು ಯಾರಿಗೂ ಸುಲಭ ಇಲ್ಲ. ಹುಡುಗಿಯರಿಗೂ ಇದೇ ಬೈರಾಸಿನ ಪಾಠ ಮಾಡುತ್ತೇನೆ.

ವಾಲಿಬಾಲಿನವರು ಹಾರುತ್ತಾರೆ, ರೀಬೌಂಡಿಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬಂದ ಚೆಂಡು ಹಿಡಿಯಲು, ಒಳ್ಳೆಯದು. ಆದರೆ ಚೆಂಡು ಹಿಡಿಯದೆ ತಟ್ಟಿಬಿಡುತ್ತಾರೆ. ಹಾರಿ ಎರಡೂ ಕೈಯಲ್ಲಿ ಹಿಡಿದು ಗಲ್ಲದ ಕೆಳಗೆ ತರುವುದನ್ನು ಬೇರೆಯೇ ಕಲಿಸಬೇಕು. ಫುಟ್‌ಬಾಲಿನವರಿಗೆ ಖಾಲಿ ಜಾಗ ಕಾಣುತ್ತದೆ, ಅವರನ್ನು ಚೆಂಡು ಒಯ್ಯುವ ಗಾರ್ಡ್ ಮಾಡಿ. ಇನ್ನೊಂದು ಮಾತು. ಎತ್ತರ ಹುಡುಕುತ್ತಾ ಕೂರಬೇಡಿ. ನಮ್ಮ ಅತಿ ಒಳ್ಳೆಯ ಆಟಗಾರ್ತಿ ಐದಡಿಗೆ ಒಂದು ಇಂಚು ಮೇಲೆ. ಕುಂಬಳೆ ಕಡೆಯವಳು, ಶಾಲೆಯಲ್ಲಿ ಯಕ್ಷಗಾನ ಕಲಿತವಳು. ತಾಳಕ್ಕೆ ಕಾಲು ಹಾಕುವುದು ಗೊತ್ತಿತ್ತು. ಲೇ-ಅಪ್, ಅಂದರೆ ಓಡಿಬಂದು ಹಾರಿ ಹತ್ತಿರದಿಂದ ಚೆಂಡು ಹಾಕುವುದನ್ನು, ಒಂದೇ ದಿನದಲ್ಲಿ ಕಲಿತಳು.

ಲೇ-ಅಪ್ ಕಲಿಸುವುದನ್ನು ಹೇಳಿಬಿಡುತ್ತೇನೆ, ಹೊಸಬರು ಮುಗ್ಗರಿಸುವುದು ಅಲ್ಲೇ. ಬಲಗಡೆಯಿಂದ ಬಂದರೆ ಬಲಗಾಲು, ಎಡಗಾಲು, ಹಾರು. ಚೆಂಡು ಕೈಗೆ ಸಿಕ್ಕ ಮೇಲೆ ಎರಡೇ ಹೆಜ್ಜೆ. ಬಾಯಲ್ಲಿ ಹೇಳಿದರೆ ಯಾರಿಗೂ ಬರುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದದ ಗುರುತು ಬರೆಯಿರಿ. ಬಲಪಾದ ಕೆಂಪು, ಎಡಪಾದ ಬಿಳಿ. ಕೆಂಪಿನದು ದೊಡ್ಡ ಹೆಜ್ಜೆ, ಬಿಳಿಯದು ಸಣ್ಣ ಹೆಜ್ಜೆ. ಉದ್ದದ ಓಟವನ್ನು ಎತ್ತರದ ಹಾರಾಟ ಮಾಡುವುದು ಆ ಸಣ್ಣ ಹೆಜ್ಜೆ. ಮೊದಲು ಚೆಂಡೇ ಬೇಡ. ನಡೆದು ಕೆಂಪು, ಬಿಳಿ, ಬಲಮಂಡಿ ಮೇಲೆ. ಬಲಮಂಡಿಗೂ ಬಲಗೈಗೂ ಒಂದು ದಾರ ಕಟ್ಟಿದೆ ಅಂದುಕೊಳ್ಳಿ ಎನ್ನುತ್ತೇನೆ, ಒಂದು ಎದ್ದರೆ ಇನ್ನೊಂದು ಏಳಬೇಕು. ಇಪ್ಪತ್ತು ಸಲ ನಡೆದ ಮೇಲೆ ಮೆಲ್ಲಗೆ ಓಟ. ಅದಾದ ಮೇಲೆ ಚೆಂಡು, ಆದರೆ ಪುಟಿಸುವುದು ಬೇಡ, ನಾನು ಅಂಗೈ ಮೇಲೆ ಹಿಡಿದು ನಿಲ್ಲುತ್ತೇನೆ, ಅವರು ಓಡಿಬಂದು ಕೆಂಪಿನ ಮೇಲೆ ಕಾಲಿಡುವಾಗ ಎತ್ತಿಕೊಳ್ಳಬೇಕು. ಪುಟಿಸುತ್ತಾ ಬರುವುದು ಕೊನೆಗೆ. ಮೂರನೆಯ ದಿನ ಗುರುತು ಅಳಿಸಿ. ಎಡಗಡೆಗೆ ಇದನ್ನೇ ತಿರುಗಿಸಿ, ಅದಕ್ಕೆ ಡಬಲ್ ದಿನ ಕೊಡಿ.

ಹಾರುವುದಕ್ಕಿಂತ ಇಳಿಯುವುದು ಮುಖ್ಯ. ಇಳಿಯುವಾಗ ಎರಡೂ ಪಾದ, ಮಂಡಿ ಬಗ್ಗಬೇಕು, ಮಂಡಿ ಒಳಗೆ ಸೇರಬಾರದು, ಕಾಲಿನ ಹೆಬ್ಬೆರಳಿನ ದಿಕ್ಕಿಗೇ ಇರಬೇಕು. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಹರಿದರೆ ಆ ವರ್ಷವೇ ಹೋಯಿತು. ಪ್ರತಿದಿನ ಶುರುವಿನಲ್ಲಿ ಹತ್ತು ನಿಮಿಷ ಬರೀ ಹಾರಿ ಇಳಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ಮಕ್ಕಳಿಗೆ ಬೇಜಾರಾಗುತ್ತದೆ, ಆಗಲಿ, ಬಿಡಬೇಡಿ.

ಹೊತ್ತು, ಬಸ್ಸು, ಮಾತು

ನಮ್ಮ ಲೆಕ್ಕ ಹೀಗಿದೆ. ಸೋಮವಾರ, ಬುಧವಾರ ಪೂರ್ತಿ ಅಂಗಣ ಹುಡುಗಿಯರದು. ಮಂಗಳವಾರ, ಗುರುವಾರ ಹುಡುಗರದು. ಅಂಗಣ ಇಲ್ಲದ ದಿನ ಆ ತಂಡಕ್ಕೆ ಗುಡ್ಡದ ಮೆಟ್ಟಿಲು, ಹಗ್ಗ, ವರಾಂಡದಲ್ಲಿ ಚೆಂಡು ಪುಟಿಸುವುದು. ಶುಕ್ರವಾರ ಇಬ್ಬರೂ. ಶುರು 3.45ಕ್ಕೆ, ಮುಗಿಯುವುದು ಸರಿಯಾಗಿ ಐದಕ್ಕೆ. ಆಟ ಎಷ್ಟೇ ಬಿಸಿ ಇರಲಿ, ಐದಕ್ಕೆ ಸೀಟಿ. ಟೀಚರ್ ಐದಕ್ಕೆ ಬಿಡುತ್ತಾರೆ ಎಂಬ ನಂಬಿಕೆ ಮನೆಯಲ್ಲಿ ಬಂದರೆ ಮಾತ್ರ ಹುಡುಗಿಯನ್ನು ನಾಳೆ ಕಳಿಸುತ್ತಾರೆ. ಆ ನಂಬಿಕೆಯನ್ನು ಒಮ್ಮೆ ಮುರಿದರೆ ಮೂರು ಮಂದಿ ಹೋಗುತ್ತಾರೆ, ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ತಿಂಗಳು ನಾನೂ ಅವರ ಜೊತೆ ಬಸ್‌ಸ್ಟಾಪಿನ ತನಕ ನಡೆದಿದ್ದೇನೆ. ಕಂಡಕ್ಟರಿಗೆ ಮುಖ ಪರಿಚಯ ಆಯಿತು. ಈಗ ನಾವು ಇಳಿಜಾರಿನಲ್ಲಿ ಓಡಿಬರುವುದು ಕಂಡರೆ ಒಂದು ನಿಮಿಷ ನಿಲ್ಲಿಸುತ್ತಾನೆ.

ವರ್ಷಕ್ಕೊಮ್ಮೆ ಅಮ್ಮಂದಿರನ್ನು ಅಂಗಣಕ್ಕೆ ಕರೆಯಿರಿ. ಮೀಟಿಂಗಿಗೆ ಕರೆಯಬೇಡಿ, ಆಟ ನೋಡಲು ಕರೆಯಿರಿ. ಚಹಾ, ಅವಲಕ್ಕಿ ಸಾಕು. ಮಗಳು ಚೆಂಡು ಹಾಕುವುದನ್ನು ಕಣ್ಣಾರೆ ಕಂಡ ಅಮ್ಮ ಮನೆಯಲ್ಲಿ ನಿಮ್ಮ ಪರವಾಗಿ ಮಾತಾಡುತ್ತಾಳೆ. ಹಾಗೇ ಕಿಟ್ಟಿನಲ್ಲಿ ಒಂದು ಡಬ್ಬಿಯಲ್ಲಿ ಪ್ಯಾಡ್ ಇಡಿ. ಯಾರೂ ಕೇಳದೆ ತೆಗೆದುಕೊಳ್ಳುವ ಹಾಗಿರಲಿ. ಮುಟ್ಟಿನ ದಿನ ಆಡಬೇಕೋ ಬೇಡವೋ ಅದು ಅವಳ ತೀರ್ಮಾನ. ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಮಕ್ಕಳಿಗೆ ಓಟ ಬೇಡ. ಬೆಳಗ್ಗೆ ಕ್ಲಾಸಿಗೆ ಮೊದಲು ಅರ್ಧ ಗಂಟೆ ಫ್ರೀ ಥ್ರೋ ಸಾಕು.

ಈಗ ಮಾತಿನ ವಿಷಯ. ಇದು ನಮ್ಮ ಕಡೆಯವರಿಗೆ ಮಾತ್ರ ಇರುವ ಸಮಸ್ಯೆ. ಒಂದೇ ತಂಡದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ. ಡಿಫೆನ್ಸಿನಲ್ಲಿ ಅರ್ಧ ಸೆಕೆಂಡಿನಲ್ಲಿ ಕೂಗಬೇಕು, ಒಬ್ಬಳು ತುಳುವಿನಲ್ಲಿ, ಒಬ್ಬಳು ಮಲಯಾಳದಲ್ಲಿ ಕೂಗಿದರೆ ಮೂರನೆಯವಳು ನಿಂತೇ ಇರುತ್ತಾಳೆ. ಅದಕ್ಕೆ ಮೊದಲ ವಾರವೇ ಕೂತು ಎಂಟು ಪದ ನಿಶ್ಚಯ ಮಾಡಿ, ಎಲ್ಲ ಒಂದು, ಎರಡು ಅಕ್ಷರದವು. ನಮಗೆ ಅದೃಷ್ಟಕ್ಕೆ "ಎಡ", "ಬಲ" ಕನ್ನಡಕ್ಕೂ ತುಳುವಿಗೂ ಒಂದೇ, ಮಲಯಾಳದ "ಇಡ", "ವಲ" ಕೇಳಿದರೂ ಯಾರಿಗೂ ಗೊಂದಲ ಆಗುವುದಿಲ್ಲ. ಎದುರಾಳಿ ಯಾರಾದರೂ ಸ್ಕ್ರೀನ್ ಹಾಕಲು, ಅಂದರೆ ನಮ್ಮವರ ದಾರಿಗೆ ಅಡ್ಡ ನಿಲ್ಲಲು, ಬಂದರೆ ಆ ಬದಿಯನ್ನು ಕೂಗಬೇಕು. ಆಳು ಬದಲಾಯಿಸಲು "ಬದ್ಲು". ಚೆಂಡು ನನ್ನದು ಎನ್ನಲು "ಬಾಲ್". ಶಾಟ್ ಹೋದ ಕೂಡಲೇ ಐದೂ ಮಂದಿ "ಶಾಟ್" ಎಂದು ಕೂಗಿ ಎದುರಾಳಿಗೆ ಬೆನ್ನು ಕೊಡಬೇಕು. ಮೌನವಾಗಿ ಆಡುವ ತಂಡ ಸೋಲುತ್ತದೆ. ನಮ್ಮ ಹುಡುಗಿಯರು ಮೊದಮೊದಲು ಕೂಗಲು ನಾಚುತ್ತಿದ್ದರು. ಅದಕ್ಕೆ ಅಭ್ಯಾಸದ ಮೊದಲ ಐದು ನಿಮಿಷ ಬರೀ ಕೂಗು. ಈಗ ಕೆಳಗಿನ ಅಡಿಕೆ ತೋಟದವರಿಗೂ ಕೇಳಿಸುತ್ತದೆ.

ಶುರುವಿನಲ್ಲಿ ಜೋನ್, ಅಂದರೆ ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು, ಕಲಿಸಬೇಡಿ, ಆಳಿಗೆ ಆಳು ಡಿಫೆನ್ಸೇ ಕಲಿಸಿ. ಜೋನಿನಲ್ಲಿ ತಪ್ಪು ಯಾರದ್ದೆಂದು ಮಕ್ಕಳಿಗೇ ಗೊತ್ತಾಗುವುದಿಲ್ಲ. ಒಂದು ಕ್ವಾರ್ಟರಿನಲ್ಲಿ ತಂಡಕ್ಕೆ ನಾಲ್ಕು ಫೌಲ್ ದಾಟಿದರೆ ಎದುರಿನವರಿಗೆ ಫ್ರೀ ಥ್ರೋ ಸಿಗುತ್ತದೆ, ಈ ಲೆಕ್ಕವನ್ನು ಬೆಂಚಿನಲ್ಲಿ ಕೂತವರು ಕೂಗಿ ಹೇಳುತ್ತಿರಬೇಕು. ಅಟ್ಯಾಕಿಗೆ 24 ಸೆಕೆಂಡ್ ಇದೆ, ಅದು ತುಂಬ ದೊಡ್ಡ ಹೊತ್ತು. ನಮ್ಮ ಮಕ್ಕಳು ಆರನೇ ಸೆಕೆಂಡಿಗೇ ಎಸೆದುಬಿಡುತ್ತಾರೆ. ಅಭ್ಯಾಸದಲ್ಲಿ ನಾಲ್ಕು ಪಾಸ್ ಆಗದೆ ಶಾಟ್ ಇಲ್ಲ ಎಂದು ನಿಯಮ ಹಾಕಿ.

ಶುಕ್ರವಾರದ ಆಟ ನಮ್ಮ ಮಕ್ಕಳಿಗೆ ಹಬ್ಬ. ಮೂವರಿಗೆ ಮೂವರು, ಒಂದೇ ರಿಂಗ್, ಹತ್ತು ನಿಮಿಷ ಅಥವಾ 21 ಪಾಯಿಂಟ್, ಶಾಟಿಗೆ 12 ಸೆಕೆಂಡ್. ಟೋಕಿಯೊ ಒಲಿಂಪಿಕ್ಸಿನಿಂದ ಇದೂ ಒಲಿಂಪಿಕ್ ಆಟ. ಸಣ್ಣ ಕಾಲೇಜಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಬದಲಿ ಆಟಗಾರ ಸೇರಿ ನಾಲ್ಕು ಮಂದಿ ಇದ್ದರೆ ಒಂದು ತಂಡ ಆಯಿತು. ಇದರ ಚೆಂಡು ಗಂಡಸರಿಗೂ ಹೆಂಗಸರಿಗೂ 6ನೇ ಸೈಜಿನದೇ, ತೂಕ ಮಾತ್ರ 7ರದ್ದು. ನಾವು ಹುಡುಗ, ಹುಡುಗಿ ಬೆರೆಸಿ ಆಡಿಸುತ್ತೇವೆ, ಹುಡುಗಿ ಹಾಕಿದ ಬುಟ್ಟಿಗೂ ಹುಡುಗ ಹಾಕಿದ ಬುಟ್ಟಿಗೂ ಲೆಕ್ಕ ಒಂದೇ. ಒಂದಕ್ಕೆ ಎರಡು ಕೊಡುವ ರಿಯಾಯಿತಿ ಬೇಡ ಎಂದು ಹುಡುಗಿಯರೇ ಹೇಳಿದರು.

ಮಳೆ

ಜೂನಿನಿಂದ ಸೆಪ್ಟೆಂಬರ್ ತನಕ ಅಂಗಣ ಇಲ್ಲ ಅಂದುಕೊಳ್ಳಿ. ಆಟಿ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಕಾಂಕ್ರೀಟಿನ ಮೇಲೆ ಹಾವಸೆ ಹಸಿರಾಗಿ ಕೂರುತ್ತದೆ. ಮಳೆ ಒಂದು ದಿನ ಬಿಟ್ಟಿತು ಅಂತ ಮಕ್ಕಳನ್ನು ಇಳಿಸಬೇಡಿ. ಹಾಗೆ ಇಳಿಸಿ ಒಬ್ಬಳ ಪಾದ ಹೊರಳಿ ಆರು ವಾರ ಕೂರಬೇಕಾಯಿತು. ಬ್ಲೀಚಿಂಗ್ ಪುಡಿ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಚೆಲ್ಲಿ, ಬೆಳಗ್ಗೆ ಹಿಡಿಸೂಡಿಯಲ್ಲಿ ಉಜ್ಜಿ ತೊಳೆಯಿರಿ. ಎರಡು ತಂಡವೂ ಸೇರಿದರೆ ಒಂದು ಗಂಟೆಯ ಕೆಲಸ. ಹೊರಳಿದರೆ ಐಸ್, ಬಿಗಿ ಪಟ್ಟಿ, ಕಾಲು ಎತ್ತರಕ್ಕೆ. ತಿಕ್ಕಿಸಲು ಬಿಡಬೇಡಿ. ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ನೇರ ಎಕ್ಸ್‌ರೇಗೆ ಕರೆದುಕೊಂಡು ಹೋಗಿ.

ಮಳೆಗಾಲದಲ್ಲಿ ವರಾಂಡದಲ್ಲಿ ಎಡಗೈ ಪುಟಿಸುವುದು, ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಖಾಲಿ ಕ್ಲಾಸಿನಲ್ಲಿ ನಿಯಮದ ಪಾಠ. ಸ್ಕೋರ್‌ಶೀಟ್ ಬರೆಯುವುದನ್ನು ಇದೇ ಹೊತ್ತಿನಲ್ಲಿ ಎಲ್ಲರಿಗೂ ಕಲಿಸಿ. ತಂಡಕ್ಕೆ ಹನ್ನೆರಡೇ ಮಂದಿ, ಉಳಿದವರನ್ನು ಬಿಟ್ಟುಬಿಡಬೇಡಿ. ನಮ್ಮಲ್ಲಿ ಆಯ್ಕೆಯಾಗದ ಒಬ್ಬಳು ಈಗ ಎಷ್ಟು ಚೆನ್ನಾಗಿ ಸ್ಕೋರ್ ಬರೆಯುತ್ತಾಳೆ ಎಂದರೆ ಬೇರೆ ಕಾಲೇಜಿನವರೂ ಕರೆಯುತ್ತಾರೆ.

ಜೆರ್ಸಿ, ಕಾಗದ, ಬೀಗದ ಕೈ

ಜೆರ್ಸಿ ಎರಡು ಸೆಟ್ ಬೇಕು, ಒಂದು ಬಿಳಿ, ಒಂದು ಗಾಢ ಬಣ್ಣ. ಪಟ್ಟಿಯಲ್ಲಿ ಮೊದಲು ಹೆಸರಿರುವ ತಂಡ ತಿಳಿ ಬಣ್ಣ ಹಾಕಬೇಕು. ಬೆನ್ನಿನ ಸಂಖ್ಯೆ 20 ಸೆಂ.ಮೀ., ಎದೆಯದು 10 ಸೆಂ.ಮೀ. ಮಾಡಿಸಿದರೆ ಎಲ್ಲೂ ತಕರಾರಿಲ್ಲ. ತಲೆಗೆ ಬಟ್ಟೆ ಕಟ್ಟುವ ಹುಡುಗಿಯರು ಆಡಬಹುದಾ ಎಂದು ಈಗಲೂ ಕೇಳುತ್ತಾರೆ. ಧಾರಾಳವಾಗಿ ಆಡಬಹುದು. 2017ರ ಅಕ್ಟೋಬರಿನಿಂದ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲೇ ಅವಕಾಶ ಇದೆ. ಕಪ್ಪು, ಬಿಳಿ ಅಥವಾ ಜೆರ್ಸಿಯ ಬಣ್ಣ ಇರಬೇಕು, ತಂಡದಲ್ಲಿ ಕಟ್ಟುವವರೆಲ್ಲರದ್ದೂ ಒಂದೇ ಬಣ್ಣ, ಮುಖ ಮುಚ್ಚಬಾರದು, ಪಿನ್ ಇರಬಾರದು. ಟೈಲರಿಗೆ ಹೇಳಿ ಒಳಗೆ ಎಲಾಸ್ಟಿಕ್ ಹಾಕಿ ಹೊಲಿಸಿ. ಈ ಒಂದು ವಿಷಯ ತಿಳಿಸಿದ ವರ್ಷ ನಮ್ಮ ತಂಡಕ್ಕೆ ಐದು ಮಂದಿ ಹೊಸಬರು ಬಂದರು.

ಅಂತರ ಕಾಲೇಜು ಟೂರ್ನಮೆಂಟಿಗೆ ಎಲಿಜಿಬಿಲಿಟಿ ಫಾರ್ಮ್, ಎಸ್ಸೆಸ್ಸೆಲ್ಸಿ ಪುಸ್ತಕ, ಪ್ಲಸ್ ಟು ಸರ್ಟಿಫಿಕೇಟ್, ಫೋಟೊ ಎಲ್ಲವನ್ನೂ ಕಾಲೇಜು ತೆರೆದ ತಿಂಗಳಲ್ಲೇ ಜೆರಾಕ್ಸ್ ಮಾಡಿ ಎರಡು ಫೈಲಿನಲ್ಲಿಡಿ. ಅಲ್ಲಿಂದ ಯೂನಿವರ್ಸಿಟಿ ತಂಡಕ್ಕೆ ಒಬ್ಬರು ಆಯ್ಕೆಯಾದರೂ ದಕ್ಷಿಣ ವಲಯದ ಅಂತರ ಯೂನಿವರ್ಸಿಟಿ ಟೂರ್ನಮೆಂಟ್ ಆಡುವ ಭಾಗ್ಯ. 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿರುವುದರಿಂದ ಕೆಲವರು ಒಂದು ವರ್ಷ ಜಾಸ್ತಿ ಉಳಿಯುತ್ತಾರೆ. ಅಂಥವರನ್ನು ಹೊಸಬರಿಗೆ ಕಲಿಸಲು ಹಚ್ಚಿ. ಹಣಕ್ಕೆ ಪಿಟಿಎ, ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು. ಕೇಳುವಾಗ ಒಂದೇ ಮಾತು ಹಿಡಿಯಿರಿ: ಬಂದದ್ದು ಅರ್ಧ ಅರ್ಧ. ಒಬ್ಬರು ಹುಡುಗರ ತಂಡಕ್ಕೆ ಮಾತ್ರ ಶೂ ಕಳಿಸುತ್ತೇನೆ ಎಂದಾಗ ನಾನು ಬೇಡ ಎಂದೆ. ಎರಡು ತಿಂಗಳು ಕಾದೆ. ಇಪ್ಪತ್ತನಾಲ್ಕು ಜೊತೆ ಬಂತು.

ಕೊನೆಗೆ ಚೆಂಡಿನ ಕಪಾಟು. ಅದಕ್ಕೆ ಎರಡು ಬೀಗದ ಕೈ ಮಾಡಿಸಿ. ಒಂದು ಹುಡುಗರ ಕ್ಯಾಪ್ಟನ್ ಹತ್ತಿರ, ಇನ್ನೊಂದು ಹುಡುಗಿಯರ ಕ್ಯಾಪ್ಟನ್ ಹತ್ತಿರ. ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ನಾನು ರಜೆಯಲ್ಲಿದ್ದ ದಿನ ಕಪಾಟು ತೆರೆದಿದೆಯಾ ಎಂದು ಫೋನ್ ಮಾಡಿ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ, 3.45ಕ್ಕೆ ತೆರೆದಿರುತ್ತದೆ.